ಲೋಚವೂ ಕ್ಷೌರವೂ: ಗುಡ್ನಾಪುರದ ಕಾಮಜಿನಾಲಯದ ಸುತ್ತ ಒಂದು ವಿಚಾರ

೧

ಬನವಾಸಿಯಿಂದ ಸುಮಾರು ಒಂದು ಹರದಾರಿಯಷ್ಟು ದೂರದಲ್ಲಿ, ಶಿರಸಿ ತಾಲ್ಲೂಕಿಗೆ ಸೇರಿದಂತೆ, ದೊಡ್ಡದೊಂದು ಕೆರೆಯ ದಡದ ಮೇಲೆ ಗುಡ್ನಾಪುರವೆಂಬ ಗ್ರಾಮವಿದೆ. ಕದಂಬರ ಇತಿಹಾಸವನ್ನು ಓದಿದವರಿಗೆ ಈ ಗ್ರಾಮದ ಹೆಸರು ಅಪರಿಚಿತವಲ್ಲ. ೧೯೭೦ರ ದಶಕದ ಆರಂಭದಲ್ಲಿ ಡಾ|| ಬಾ. ರಾ. ಗೋಪಾಲರವರು ಇಲ್ಲಿಯ ಕಂಬದ ಶಾಸನವನ್ನು ಬೆಳಕಿಗೆ ತಂದ ಮೇಲೆ ಆ ವಂಶದ ಮೂಲಪುರುಷರ ವಿಷಯದಲ್ಲಿ ನಮಗಿದ್ದ ತಿಳಿವಳಿಕೆ ಬಹಳಮಟ್ಟಿಗೆ ತಿದ್ದುಪಾಟಾಯಿತು. ಮಯೂರಶರ್ಮನ ತಂದೆ ಬಂಧುಷೇಣನೆಂದೂ ಪಿತಾಮಹನು ವೀರಶರ್ಮನೆಂದೂ ನಾವು ಅರಿತದ್ದು ಈ ಶಾಸನದಿಂದಲೇ. ಸಂಸ್ಕೃತ ಭಾಷೆಯ ಈ ಶಾಸನವು ಐದನೆಯ ಶತಮಾನದ ಕೊನೆಯಲ್ಲಿಯೂ ಆರನೆಯ ಶತಮಾನದ ಮೊದಲಲ್ಲಿಯೂ ಆಳಿದ ರವಿವರ್ಮನದು. ಅವನು ಇಲ್ಲಿ ಕಟ್ಟಿಸಿದ ದೇವಾಲಯಕ್ಕೆ ಶಾಸನವು ಕೊಡುವ ಹೆಸರು ‘ಕಾಮಜಿನಾಲಯ’. ಅದರ ಬಳಿಯ ಅರಮನೆ, ಅಂತಃಪುರ, ನೃತ್ಯಶಾಲೆಗಳ ಪ್ರಸ್ತಾಪವೂ ವಸಂತೋತ್ಸವದ ಪ್ರಸ್ತಾಪವೂ ಅದರಲ್ಲಿದೆ.

ಕಾಮನನ್ನೂ ಜಿನನನ್ನೂ ಒಂದೇ ಸಮಾಸದಲ್ಲಿ ಕೂಡಿಸಿದ ಈ ಹೆಸರು ವಿದ್ವಾಂಸರನ್ನು ಬಹುಕಾಲ ಚರ್ಚೆಗೆ ತೊಡಗಿಸಿದೆ. ಇದು ಮನ್ಮಥನ ಗುಡಿಯೆಂದು ಕೆಲವರ ಮತ. ಜೈನಸಂಪ್ರದಾಯದಲ್ಲಿ ಬಾಹುಬಲಿಯು ಮೊದಲನೆಯ ಕಾಮದೇವನಾದುದರಿಂದ ಇದು ಬಾಹುಬಲಿಯ ಆಲಯವಾಗಿರಬಹುದೆಂದು ಮತ್ತೆ ಕೆಲವರ ಮತ. ಆ ವಾದವನ್ನು ಇತ್ಯರ್ಥಮಾಡುವುದು ಪ್ರಕೃತ ಲೇಖನದ ಉದ್ದೇಶವಲ್ಲ. ಭೋಗದ ಅಧಿದೇವತೆಯೂ ವೈರಾಗ್ಯದ ಅಧಿದೇವತೆಯೂ ಒಂದೇ ಹೆಸರಿನೊಳಗೆ ಬಂದು ನಿಂತಿರುವ ಈ ಸ್ಥಳದಲ್ಲಿ ನಿಂತು, ಮನುಷ್ಯನು ತನ್ನ ಮೈಯ ಕೂದಲನ್ನು ಏಕೆ ತೆಗೆಯುತ್ತಾನೆ, ಯಾವುದನ್ನು ತೆಗೆಯುತ್ತಾನೆ, ಯಾವುದನ್ನು ಉಳಿಸುತ್ತಾನೆ ಎಂಬ ಒಂದು ಸಣ್ಣ ಪ್ರಶ್ನೆಯನ್ನು ಕೇಳಿಕೊಳ್ಳುವುದಷ್ಟೇ ನನ್ನ ಉದ್ದೇಶ. ಪ್ರಶ್ನೆಯು ಕ್ಷುದ್ರವೆಂದು ತೋರಬಹುದು. ಆದರೆ ನಮ್ಮ ಪೂರ್ವಿಕರು ಇದನ್ನು ಕ್ಷುದ್ರವೆಂದು ಎಣಿಸಲಿಲ್ಲ. ವೇದ, ವಿನಯ, ಆಗಮ, ವೈದ್ಯ, ಕಾಮಶಾಸ್ತ್ರ, ಧರ್ಮಶಾಸ್ತ್ರಗಳೆಲ್ಲವೂ ಇದನ್ನು ಕುರಿತು ವಿಧಿನಿಷೇಧಗಳನ್ನು ಹೇಳಿವೆ. ಈ ವಿಧಿನಿಷೇಧಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ ಅವುಗಳ ನಡುವೆ ಒಂದು ಕ್ರಮವು ಕಾಣಿಸುತ್ತದೆ. ಆ ಕ್ರಮವನ್ನು ಮುರಿದ ಒಂದು ಅನ್ಯಾಯವೂ ಕಾಣಿಸುತ್ತದೆ.

೨

ಮೊದಲು ಶಬ್ದಗಳನ್ನು ನೋಡೋಣ. ಬನವಾಸಿಯು ಸೇರಿದ್ದ ದೇಶಕ್ಕೆ ಕುಂತಳವೆಂದು ಹೆಸರು. ಕುಂತಳವೆಂದರೆ ತಲೆಗೂದಲು. ಭೂಮಿಯೆಂಬ ಹೆಣ್ಣಿಗೆ ಈ ನಾಡು ಮುಡಿಯಂತಿದೆ ಎಂಬ ಶ್ಲೇಷೆಯನ್ನು ಶಾಸನಕವಿಗಳು ಮತ್ತೆ ಮತ್ತೆ ಮಾಡಿ ದಣಿದಿಲ್ಲ. ತಲೆಗೂದಲಿಗೆ ಕನ್ನಡದಲ್ಲಿ ಕುರುಳ್, ಮುಡಿ, ತುರುಬು, ಜಡೆ, ಹೆರಳು, ಸೋರ್ಮುಡಿ ಎಂದು ಹೆಸರುಗಳು ಹೇರಳವಾಗಿವೆ. ಒಂದೊಂದು ಹೆಸರೂ ಕೂದಲಿನ ಒಂದೊಂದು ಸ್ಥಿತಿಯನ್ನು ಹೇಳುತ್ತದೆ.

ಮೈಗೂದಲಿಗೆ ಹಳಗನ್ನಡದಲ್ಲಿ ‘ನವಿರ್’ ಎಂಬ ಚೆಲುವಾದ ಶಬ್ದವುಂಟು. ಇಂದಿನ ನುಡಿಯಲ್ಲಿ ಅದು ಬೇರೆಡೆ ಮರೆಯಾಗಿದ್ದರೂ ‘ಮೈನವಿರೇಳು’ ಎಂಬ ಮಾತಿನಲ್ಲಿ ಜೀವದಿಂದಿದೆ. ಅಲಂಕಾರಶಾಸ್ತ್ರದಲ್ಲಿ ರೋಮಾಂಚವು ಎಂಟು ಸಾತ್ತ್ವಿಕಭಾವಗಳಲ್ಲಿ ಒಂದು. ನಲ್ಲನ ಸ್ಪರ್ಶದಿಂದ ನಾಯಿಕೆಗೂ ದೇವರ ದರ್ಶನದಿಂದ ಭಕ್ತನಿಗೂ ಆಗುವ ಪುಳಕವು ಕಣ್ಣಿಗೆ ಕಾಣಬೇಕಾದರೆ ಮೈಯಲ್ಲಿ ನವಿರು ಇರಲೇಬೇಕಷ್ಟೆ! ಇನ್ನೊಂದು ಶಬ್ದವು ‘ಬಾಸೆ’. ನಾಭಿಯಿಂದ ಮೇಲಕ್ಕೆ ಎದೆಯ ಕಡೆಗೆ ಹರಿಯುವ ತೆಳುವಾದ ರೋಮರೇಖೆಗೆ ಈ ಹೆಸರು. ಸಂಸ್ಕೃತದಲ್ಲಿ ಇದನ್ನೇ ರೋಮರಾಜಿ, ರೋಮಾವಳಿ ಎನ್ನುತ್ತಾರೆ. ಕನ್ನಡದ ಚಂಪೂಕವಿಗಳು ನಾಯಿಕೆಯ ಅಂಗಾಂಗವರ್ಣನೆಯಲ್ಲಿ ಬಾಸೆಯನ್ನು ಸೌಂದರ್ಯದ ಒಂದು ಲಕ್ಷಣವೆಂದೇ ವರ್ಣಿಸುವರು.

ಈ ಎರಡು ಶಬ್ದಗಳು ನಮಗೆ ಒಂದು ಎಚ್ಚರಿಕೆಯನ್ನು ಕೊಡುತ್ತವೆ. ಮೈಯೆಲ್ಲ ನುಣುಪಾಗಿರಬೇಕು, ಹೆಣ್ಣಿನ ಮೈಯಲ್ಲಿ ತಲೆಯ ಹೊರತು ಬೇರೆಲ್ಲಿಯೂ ಕೂದಲು ಕಾಣಬಾರದು ಎಂಬ ಇಂದಿನ ಅಭಿರುಚಿಯನ್ನು ಹಿಂದಿನವರ ಮೇಲೆ ಹೇರುವಂತಿಲ್ಲ. ಅವರು ಕೂದಲನ್ನು ತೆಗೆಯುತ್ತಿದ್ದರು, ನಿಜ. ಆದರೆ ಯಾವ ಕೂದಲು, ಯಾರ ಮೈಯದು ಎಂಬ ವಿವೇಚನೆಯಿಂದ ತೆಗೆಯುತ್ತಿದ್ದರು.

೩

ಈಗ ಕಾಮನ ಪಕ್ಷವನ್ನು ನೋಡೋಣ. ವಾತ್ಸ್ಯಾಯನನ ಕಾಮಸೂತ್ರವು ಕುಂತಳದೇಶವನ್ನು ಬಲ್ಲ ಗ್ರಂಥ. ಕುಂತಳ ಶಾತಕರ್ಣಿಯೆಂಬ ಶಾತವಾಹನನು ತನ್ನ ಮಹಾದೇವಿಯಾದ ಮಲಯವತಿಯ ಮರಣಕ್ಕೆ ಕಾರಣನಾದ ದುರಂತವನ್ನು ಅದು ಉದಾಹರಿಸುತ್ತದೆ. ದೇಶದೇಶದ ಸ್ತ್ರೀಯರ ಸ್ವಭಾವಗಳನ್ನು ಎಣಿಸುವಾಗ ವನವಾಸದ, ಎಂದರೆ ನಮ್ಮ ಬನವಾಸಿಯ, ಸ್ತ್ರೀಯರನ್ನೂ ಹೆಸರಿಸುತ್ತದೆ: ಇವರು ತಮ್ಮ ಮೈಯನ್ನು ಮರೆಮಾಡಿಕೊಳ್ಳುವವರು, ಪರರ ಮೈಯ ಕೊರತೆಯನ್ನು ಕಂಡು ನಗುವವರು, ಒರಟು ಮಾತನ್ನೂ ಅಶ್ಲೀಲವನ್ನೂ ಸಹಿಸದವರು ಎಂಬುದು ಆತನ ಅಭಿಪ್ರಾಯದ ಸಾರ. ದೂರದ ಪಂಡಿತನೊಬ್ಬನು ಒಂದು ನಾಡಿನ ಹೆಂಗಸರನ್ನೆಲ್ಲ ಒಂದೇ ಮಾತಿನಲ್ಲಿ ಅಳೆದುದನ್ನು ಇತಿಹಾಸವೆಂದು ನಾವು ನಂಬಬೇಕಾಗಿಲ್ಲ. ಆದರೆ ದೇಹದ ಅಂದಚಂದಗಳ ವಿಷಯದಲ್ಲಿ ಬನವಾಸಿಯ ನಾಗರಿಕರು ಸೂಕ್ಷ್ಮಜ್ಞರೆಂಬ ಖ್ಯಾತಿಯು ಕದಂಬರಿಗಿಂತ ಮುಂಚೆಯೇ ಹಬ್ಬಿತ್ತೆಂಬುದಕ್ಕೆ ಇದು ಸಾಕ್ಷಿ.

ಇದೇ ಗ್ರಂಥದಲ್ಲಿ ನಾಗರಕನ ದಿನಚರಿಯಿದೆ. ಸ್ನಾನವು ನಿತ್ಯ, ಮೈಯನ್ನು ತಿಕ್ಕಿಸಿಕೊಳ್ಳುವುದು ಎರಡು ದಿನಕ್ಕೊಮ್ಮೆ, ನೊರೆಯ ದ್ರವ್ಯದಿಂದ ತೊಳೆಯುವುದು ಮೂರು ದಿನಕ್ಕೊಮ್ಮೆ, ‘ಆಯುಷ್ಯ’ವು ನಾಲ್ಕು ದಿನಕ್ಕೊಮ್ಮೆ, ‘ಪ್ರತ್ಯಾಯುಷ್ಯ’ವು ಐದು ಅಥವಾ ಹತ್ತು ದಿನಕ್ಕೊಮ್ಮೆ. ಆಯುಷ್ಯವೆಂದರೆ ಗಡ್ಡದ ಕ್ಷೌರವೆಂದೂ ಪ್ರತ್ಯಾಯುಷ್ಯವೆಂದರೆ ಗುಹ್ಯರೋಮಗಳನ್ನು ತೆಗೆಯುವುದೆಂದೂ ಜಯಮಂಗಳಾ ವ್ಯಾಖ್ಯಾನವು ವಿವರಿಸುತ್ತದೆ. ಕತ್ತಿಯಿಂದಾದರೆ ಐದು ದಿನಕ್ಕೊಮ್ಮೆ, ಕಿತ್ತು ತೆಗೆಯುವುದಾದರೆ ಹತ್ತು ದಿನಕ್ಕೊಮ್ಮೆ. ಬುಡಸಹಿತ ಕಿತ್ತ ಕೂದಲು ನಿಧಾನವಾಗಿ ಬೆಳೆಯುವುದೆಂಬುದು ಇದರ ಹಿಂದಿನ ಅನುಭವ. ಕ್ಷೌರಕ್ಕೆ ‘ಆಯುಷ್ಯ’ವೆಂಬ ಮಂಗಳಕರವಾದ ಹೆಸರನ್ನು ಇಟ್ಟಿರುವುದನ್ನು ವಾಚಕರು ಗಮನಿಸಬೇಕು. ಈ ನಾಗರಕನೇ ತಲೆಗೂದಲಿಗೆ ಧೂಪ ಹಾಕಿ, ಹೂ ಮುಡಿದು, ಗೋಷ್ಠಿಗೂ ಉತ್ಸವಕ್ಕೂ ಹೊರಡುವವನು. ಗುಡ್ನಾಪುರದ ನೃತ್ಯಶಾಲೆಗಳಲ್ಲಿ ವಸಂತೋತ್ಸವದ ದಿನ ನೆರೆಯುತ್ತಿದ್ದ ಜನವನ್ನು ಊಹಿಸಿಕೊಳ್ಳುವಾಗ ಇಂತಹವರನ್ನೇ ಊಹಿಸಿಕೊಳ್ಳಬೇಕು.

ಗೃಹಸ್ಥರ ಈ ಪದ್ಧತಿಗೆ ಬೌದ್ಧರ ವಿನಯಪಿಟಕವು ಎದುರು ದಿಕ್ಕಿನಿಂದ ಸಾಕ್ಷಿ ಹೇಳುತ್ತದೆ. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಸ್ಥವಿರನನ್ನು ವನವಾಸಕ್ಕೆ ಕಳುಹಿಸಲಾಯಿತೆಂದು ಮಹಾವಂಸವು ಹೇಳುವುದರಿಂದ ಈ ನಾಡಿಗೆ ಆ ನಿಯಮಗಳು ಹೊಸವಾಗಿರಲಾರವು. ಕೆಲವರು ಭಿಕ್ಷುಗಳು ಮೈಯ ಮರೆಯ ಎಡೆಗಳ ಕೂದಲನ್ನು ತೆಗೆಯಿಸಿಕೊಂಡರಂತೆ. ಜನರು ಅದನ್ನು ಕಂಡು, ಇವರು ಕಾಮಭೋಗಿಗಳಾದ ಗೃಹಸ್ಥರಂತೆ ನಡೆಯುತ್ತಾರಲ್ಲ ಎಂದು ಆಡಿಕೊಂಡರಂತೆ. ಆಗ ಬುದ್ಧನು ರೋಗಕಾರಣದ ಹೊರತು ಹಾಗೆ ಮಾಡಕೂಡದೆಂದು ನಿಷೇಧಿಸಿದನಂತೆ. ಗಡ್ಡವನ್ನು ಬಗೆಬಗೆಯಾಗಿ ತಿದ್ದಿಸುವುದಕ್ಕೂ ಎದೆಹೊಟ್ಟೆಗಳ ಕೂದಲನ್ನು ವಿನ್ಯಾಸಗೊಳಿಸುವುದಕ್ಕೂ ಅಲ್ಲಿಯೇ ನಿಷೇಧವುಂಟು. ಭಿಕ್ಷುಣಿಯರ ವಿಷಯದಲ್ಲಿ ಇದು ಪ್ರಾಯಶ್ಚಿತ್ತಕ್ಕೆ ಯೋಗ್ಯವಾದ ಅಪರಾಧವೆನಿಸಿದೆ. ಅಚಿರವತೀ ನದಿಯ ಸ್ನಾನಘಟ್ಟದಲ್ಲಿ ವೇಶ್ಯೆಯರು ಭಿಕ್ಷುಣಿಯರನ್ನು ಕಂಡು ಹೀಯಾಳಿಸಿದುದು ಈ ನಿಯಮಕ್ಕೆ ಕಾರಣವೆಂದು ಹೇಳಿದೆ. ತಲೆಯನ್ನಾದರೋ ಭಿಕ್ಷುಗಳು ಬೋಳಿಸಿಕೊಳ್ಳಲೇಬೇಕು. ಕೂದಲು ಎರಡು ಬೆರಳಿನ ಅಗಲವನ್ನು ಅಥವಾ ಎರಡು ತಿಂಗಳ ಬೆಳವಣಿಗೆಯನ್ನು ಮೀರಬಾರದು.

ಭೋಗಕ್ಕೆ ಮಾತ್ರವಲ್ಲದೆ ಚಿಕಿತ್ಸೆಗೂ ರೋಮವನ್ನು ತೆಗೆಯುವ ಉಪಾಯಗಳು ಬೇಕಾಗಿದ್ದವು. ಹುಣ್ಣಿನ ಮೇಲೆ ಕೂದಲಿದ್ದು ಅದು ಮಾಯದಿದ್ದರೆ ಕತ್ತಿ, ಕತ್ತರಿ, ಚಿಮುಟಗಳಿಂದ ಕೂದಲನ್ನು ತೆಗೆಯಬೇಕೆಂದು ಸುಶ್ರುತಸಂಹಿತೆಯು ವಿಧಿಸುತ್ತದೆ. ಶಂಖದ ಚೂರ್ಣ ಎರಡು ಭಾಗ, ಹರಿತಾಳ ಒಂದು ಭಾಗ, ಇವನ್ನು ಹುಳಿದ್ರವದಲ್ಲಿ ಅರೆದು ಹಚ್ಚಿದರೂ ರೋಮವು ಉದುರುತ್ತದೆಂದು ಅಲ್ಲಿಯೇ ಹೇಳಿದೆ. ಸುಣ್ಣ ಮತ್ತು ಹರಿತಾಳಗಳ ಇದೇ ಯೋಗವು ಅರಬ್ಬೀ ಪಾರಸೀಕ ದೇಶಗಳ ಸ್ನಾನಗೃಹಗಳಲ್ಲಿ ‘ನೂರಾ’ ಎಂಬ ಹೆಸರಿನಿಂದ ಪ್ರಸಿದ್ಧವಾಗಿತ್ತು. ಮುಸಲ್ಮಾನರಲ್ಲಿ ಕಂಕುಳಿನ ಕೂದಲನ್ನು ಕೀಳುವುದೂ ಗುಹ್ಯರೋಮವನ್ನು ಬೋಳಿಸುವುದೂ ‘ಫಿತ್ರತ್’ ಎಂಬ ಸಹಜಶೌಚದ ಅಂಗಗಳು. ನಲವತ್ತು ದಿನಗಳನ್ನು ಮೀರಿ ಬಿಡಬಾರದೆಂದು ನಿಯಮ. ಭಟ್ಕಳದ ನವಾಯತರು ಮೊದಲಾಗಿ ನಮ್ಮ ಜಿಲ್ಲೆಯ ಮುಸಲ್ಮಾನರೂ ಈ ನಿಯಮಕ್ಕೆ ಒಳಪಟ್ಟವರೇ. ಹರಿತಾಳವು ಪಾಷಾಣದ ಜಾತಿಯ ವಿಷ. ಅದನ್ನು ಮೈಗೆ ಹಚ್ಚುವುದು ಅಪಾಯಕರವೆಂಬುದನ್ನು ಇಲ್ಲಿ ಹೇಳದೆ ಬಿಡಬಾರದು. ನಮ್ಮ ಮನೆಗಳಲ್ಲಿ ಹೆಂಗಸರು ಬಳಸುತ್ತ ಬಂದುದು ಇದಕ್ಕಿಂತ ಸೌಮ್ಯವಾದ ಅರಿಸಿನವನ್ನೂ ಕಡಲೆಹಿಟ್ಟನ್ನೂ. ಹಸುಳೆಯ ಮೈಯ ಎಳೆನವಿರು ಉದುರಲೆಂದು ಎಣ್ಣೆ ಹಚ್ಚಿ ಹಿಟ್ಟಿನಿಂದ ತೀಡುವ ಪದ್ಧತಿಯನ್ನು ವಾಚಕರಲ್ಲಿ ಅನೇಕರು ತಮ್ಮ ಮನೆಗಳಲ್ಲಿಯೇ ಕಂಡಿರಬಹುದು.

೪

ವೈದಿಕರ ದೃಷ್ಟಿಯು ಇವೆರಡಕ್ಕೂ ಭಿನ್ನವಾದುದು. ಸೋಮಯಾಗದ ದೀಕ್ಷೆಗೆ ಮುನ್ನ ಯಜಮಾನನು ಕೇಶಶ್ಮಶ್ರುಗಳನ್ನು ವಪನಮಾಡಿಸಿಕೊಂಡು, ಉಗುರು ತೆಗೆಯಿಸಿ, ಸ್ನಾನಮಾಡಬೇಕು. ಕೂದಲು ಸತ್ತ ಚರ್ಮ, ಅದು ಯಜ್ಞಕ್ಕೆ ಅನರ್ಹ ಎಂಬುದು ತೈತ್ತಿರೀಯ ಸಂಹಿತೆಯು ಕೊಡುವ ಕಾರಣ. ಹಳೆಯ ಮೈಯನ್ನು ಕಳಚಿ ಹೊಸ ಹುಟ್ಟನ್ನು ಪಡೆಯುವುದೇ ಇದರ ಭಾವ. ಗೃಹ್ಯಸಂಸ್ಕಾರಗಳಲ್ಲಿಯೂ ಇದೇ ಭಾವವಿದೆ. ಮಗುವಿಗೆ ಚೌಲ, ಯೌವನದ ಹೊಸ್ತಿಲಲ್ಲಿ ಮೊದಲ ಗಡ್ಡವನ್ನು ತೆಗೆಯುವ ಕೇಶಾಂತ, ಗುರುಕುಲವನ್ನು ಬಿಡುವಾಗ ಸಮಾವರ್ತನ. ಕೇಶಾಂತವು ಬ್ರಾಹ್ಮಣನಿಗೆ ಹದಿನಾರನೆಯ, ಕ್ಷತ್ರಿಯನಿಗೆ ಇಪ್ಪತ್ತೆರಡನೆಯ, ವೈಶ್ಯನಿಗೆ ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಆಗಬೇಕೆಂದು ಮನುವು ಹೇಳುತ್ತಾನೆ. ಬದುಕಿನ ಒಂದು ಮಜಲಿನಿಂದ ಇನ್ನೊಂದಕ್ಕೆ ದಾಟುವಾಗಲೆಲ್ಲ ಕೂದಲನ್ನು ಹೊಳೆಯ ಈಚೆಯ ದಡದಲ್ಲಿ ಬಿಟ್ಟುಹೋಗಬೇಕು!

ಸನ್ಯಾಸಿಗೆ ಋತುಸಂಧಿಯ ಹುಣ್ಣಿಮೆಗಳಲ್ಲಿ ವಪನವು ವಿಹಿತ. ಚಾತುರ್ಮಾಸ್ಯದ ವ್ಯಾಸಪೂಜೆಗೆ ಮುನ್ನ ಯತಿಗಳು ಕ್ಷೌರಮಾಡಿಸಿಕೊಳ್ಳುವುದನ್ನು ನಮ್ಮ ನಾಡಿನ ಮಠಗಳಲ್ಲಿ ಇಂದಿಗೂ ಕಾಣಬಹುದು. ಆದರೆ ಯತಿಧರ್ಮದ ಗ್ರಂಥಗಳು ಒಂದು ಮಾತನ್ನು ಸೇರಿಸುತ್ತವೆ: ಕಂಕುಳು ಮತ್ತು ಗುಹ್ಯಸ್ಥಾನಗಳನ್ನು ವರ್ಜಿಸಬೇಕು. ಬೌದ್ಧರ ವಿನಯದ ನಿಯಮವೂ ಇದೇ ಆಗಿದೆಯೆಂಬುದನ್ನು ಮೇಲೆ ನೋಡಿದೆವು.

೫

ಇನ್ನು ಜಿನನ ಪಕ್ಷ. ಜೈನಮುನಿಯು ಕತ್ತಿಯನ್ನು ಮುಟ್ಟುವುದಿಲ್ಲ, ನಾಪಿತನನ್ನು ಕರೆಯುವುದಿಲ್ಲ. ತನ್ನ ತಲೆ, ಗಡ್ಡ, ಮೀಸೆಗಳ ಕೂದಲನ್ನು ತನ್ನ ಕೈಯಿಂದಲೇ ಕಿತ್ತು ತೆಗೆಯುತ್ತಾನೆ. ಇದಕ್ಕೆ ಲೋಚವೆಂದು ಹೆಸರು. ದಿಗಂಬರಮುನಿಯ ಇಪ್ಪತ್ತೆಂಟು ಮೂಲಗುಣಗಳಲ್ಲಿ ಇದೊಂದು. ಎರಡು ತಿಂಗಳಿಗೊಮ್ಮೆ ಮಾಡುವುದು ಉತ್ತಮ, ಮೂರು ತಿಂಗಳಿಗೊಮ್ಮೆ ಮಧ್ಯಮ, ನಾಲ್ಕು ತಿಂಗಳಿಗೊಮ್ಮೆ ಜಘನ್ಯವೆಂದು ವಟ್ಟಕೇರನ ಮೂಲಾಚಾರವು ವಿಧಿಸುತ್ತದೆ. ಆ ದಿನ ಉಪವಾಸವನ್ನೂ ಹೇಳುತ್ತದೆ. ಕೂದಲು ಜಾರದಿರಲೆಂದು ಬೂದಿಯನ್ನು ಲೇಪಿಸಿಕೊಂಡು, ಶ್ರಾವಕರು ನೋಡುತ್ತಿರಲು, ಮುಖವನ್ನು ಕಿವಿಚದೆ ಮುನಿಗಳು ಲೋಚಮಾಡಿಕೊಳ್ಳುವುದನ್ನು ಕರ್ನಾಟಕದ ಬಸದಿಗಳಲ್ಲಿ ಕಂಡವರು ಅದನ್ನು ಮರೆಯಲಾರರು.

ಇದಕ್ಕೆ ಆಗಮಜ್ಞರು ಕೊಡುವ ಕಾರಣಗಳು ವಿಚಾರಯೋಗ್ಯವಾಗಿವೆ. ಕೂದಲು ಬೆಳೆದರೆ ಹೇನು ಹುಟ್ಟುತ್ತದೆ, ಅದರಿಂದ ಹಿಂಸೆ. ಕ್ಷೌರಮಾಡಿಸಿಕೊಳ್ಳಬೇಕಾದರೆ ಕತ್ತಿಯನ್ನಾಗಲಿ ಕಾಸನ್ನಾಗಲಿ ಇಟ್ಟುಕೊಳ್ಳಬೇಕು, ಅದರಿಂದ ಪರಿಗ್ರಹ. ಅದಿಲ್ಲವಾದರೆ ಪರರನ್ನು ಬೇಡಬೇಕು, ಅದರಿಂದ ದೈನ್ಯ. ಕೀಳುವಾಗಿನ ನೋವು ದೇಹದಲ್ಲಿಯ ಮಮತೆಯನ್ನು ಪರೀಕ್ಷಿಸುತ್ತದೆ. ಶಿವಾರ್ಯನ ಭಗವತೀ ಆರಾಧನೆಯು ಮುನಿಯ ಲಿಂಗವನ್ನು, ಎಂದರೆ ಹೊರಗುರುತನ್ನು, ನಾಲ್ಕು ಬಗೆಯಾಗಿ ಹೇಳುತ್ತದೆ: ಅಚೇಲತ್ವ, ಲೋಚ, ದೇಹಸಂಸ್ಕಾರದ ತ್ಯಾಗ, ಪ್ರತಿಲೇಖನ. ವಡ್ಡಾರಾಧನೆಯ ಕಥೆಗಳ ಮೂಲಕ ನಮ್ಮ ಗದ್ಯಸಾಹಿತ್ಯದ ಆದಿಗೂ ಈ ಆರಾಧನಾಪರಂಪರೆಗೂ ಸಂಬಂಧವಿರುವುದರಿಂದ ಕನ್ನಡಿಗರಿಗೆ ಇದು ಪರಕೀಯವಲ್ಲ.

ಕದಂಬರಿಗಂತೂ ಈ ಮುನಿಗಳು ಪ್ರತ್ಯಕ್ಷಪರಿಚಿತರು. ರವಿವರ್ಮನ ತಂದೆಯಾದ ಮೃಗೇಶವರ್ಮನು ಪಲಾಶಿಕೆಯಲ್ಲಿ, ಎಂದರೆ ಇಂದಿನ ಹಲಸಿಯಲ್ಲಿ, ತನ್ನ ತಂದೆಯ ನೆನಪಿಗಾಗಿ ಜಿನಾಲಯವನ್ನು ಕಟ್ಟಿಸಿ, ಯಾಪನೀಯರಿಗೂ ನಿರ್ಗ್ರಂಥರಿಗೂ ಕೂರ್ಚಕರಿಗೂ ೩೩ ನಿವರ್ತನ ಭೂಮಿಯನ್ನು ಕೊಟ್ಟನು. ದೇವಗಿರಿಯ ತಾಮ್ರಪಟದಲ್ಲಿ ಶ್ವೇತಪಟ ಮಹಾಶ್ರಮಣಸಂಘವೂ ನಿರ್ಗ್ರಂಥ ಮಹಾಶ್ರಮಣಸಂಘವೂ ಜೊತೆಜೊತೆಯಾಗಿ ದಾನವನ್ನು ಪಡೆದಿವೆ. ರವಿವರ್ಮನ ಕಾಲದ ಹಲಸಿಯ ತಾಮ್ರಪಟವು ಪ್ರತಿವರ್ಷವೂ ಜಿನೇಂದ್ರನಿಗೆ ಎಂಟು ದಿನಗಳ ಉತ್ಸವವನ್ನೂ ಮಳೆಗಾಲದ ನಾಲ್ಕು ತಿಂಗಳು ಯಾಪನೀಯ ತಪಸ್ವಿಗಳಿಗೆ ಆಹಾರವನ್ನೂ ಏರ್ಪಡಿಸುತ್ತದೆ. ಈ ತಾಮ್ರಪಟಗಳನ್ನು ಫ್ಲೀಟರು ೧೮೭೦ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದರು.

ಇವರಲ್ಲಿ ಕೂರ್ಚಕರೆಂಬ ಹೆಸರು ನಮ್ಮ ವಿಷಯಕ್ಕೆ ವಿಶೇಷವಾಗಿ ಸಂಬಂಧಿಸಿದೆ. ಹರಿವರ್ಮನ ಕಾಲದ ಇನ್ನೊಂದು ತಾಮ್ರಪಟವು ವಾರಿಷೇಣಾಚಾರ್ಯಸಂಘದ ಕೂರ್ಚಕರನ್ನು ಹೆಸರಿಸುತ್ತದೆ. ಕೂರ್ಚವೆಂದರೆ ಗಡ್ಡ, ದರ್ಭೆಯ ಕಟ್ಟಿಗೂ ಕುಂಚಕ್ಕೂ ಅದೇ ಹೆಸರು. ಆದುದರಿಂದ ಇವರು ಗಡ್ಡವನ್ನು ಬೆಳೆಯಗೊಡುತ್ತಿದ್ದ ಒಂದು ಪಂಗಡದವರೆಂದು ವಿದ್ವಾಂಸರು ಊಹಿಸಿದ್ದಾರೆ. ಈ ಊಹೆಯನ್ನು ಒಪ್ಪಿದರೆ ಹಲಸಿಯ ದಾನದ ಒಂದೇ ಸಾಲಿನಲ್ಲಿ ಗಡ್ಡವನ್ನು ಕಿತ್ತವರೂ ಗಡ್ಡವನ್ನು ಬಿಟ್ಟವರೂ ನಿಂತಿದ್ದಾರೆ. ದಾನಕೊಟ್ಟ ಅರಸನು ಇವರಲ್ಲಿ ಯಾರು ಸರಿ ಯಾರು ತಪ್ಪು ಎಂದು ಕೇಳಲಿಲ್ಲ. ಒಂದು ಪಂಥದ ಗುರುತು ವಸ್ತ್ರದ ಬಿಳುಪಿನಿಂದ (ಶ್ವೇತಪಟ), ಇನ್ನೊಂದರದು ಗಂಟಿಲ್ಲದಿರುವುದರಿಂದ (ನಿರ್ಗ್ರಂಥ), ಮತ್ತೊಂದರದು ಮುಖದ ಕೂದಲಿನಿಂದ. ಕೂದಲೆಂಬುದು ಆ ಕಾಲಕ್ಕೆ ಒಂದು ಲಿಪಿಯಂತಿತ್ತು; ದೂರದಿಂದಲೇ ಅದನ್ನು ಓದಿ, ಬರುವವನು ಯಾವ ಸಂಘದವನೆಂದು ಜನರು ತಿಳಿಯಬಹುದಾಗಿತ್ತು.

ಕಾವ್ಯದಲ್ಲಿ ಈ ಲೋಚದ ಪರಮೋದಾಹರಣೆಯು ಆದಿತೀರ್ಥಂಕರನದು. ನೀಲಾಂಜನೆಯ ನೃತ್ಯದ ನಡುವೆ ಅವಳ ಆಯುಷ್ಯವು ತೀರಿತು. ಇಂದ್ರನು ರಸಭಂಗವಾಗದಂತೆ ಅವಳಂತಹುದೇ ರೂಪವನ್ನು ಅಲ್ಲಿ ನಿಲ್ಲಿಸಿದನು. ಪುರುದೇವನು ಅದನ್ನು ಅರಿತು ವಿರಕ್ತನಾದನು. ಐದು ಮುಷ್ಟಿಗಳಲ್ಲಿ ತನ್ನ ಕೇಶವನ್ನು ಕಿತ್ತು ದೀಕ್ಷೆಗೊಂಡನು. ಆ ಕೇಶವನ್ನು ಇಂದ್ರನು ಕ್ಷೀರಸಮುದ್ರದಲ್ಲಿ ವಿಸರ್ಜಿಸಿದನು. ಪಂಪನು ಈ ಕಥೆಯನ್ನು ಕ್ರಿ. ಶ. ೯೪೧ರಲ್ಲಿ ಆದಿಪುರಾಣದಲ್ಲಿ ಹೇಳಿದನು. ಬನವಾಸಿದೇಶದ ಭೋಗವನ್ನೂ ತಂಗಾಳಿಯನ್ನೂ ನೆನೆದು ವಿಕ್ರಮಾರ್ಜುನ ವಿಜಯದಲ್ಲಿ ಹಾಡಿದ ಪಂಪನೇ ಈ ಪಂಪನು. ನೃತ್ಯಶಾಲೆಯಿಂದ ಲೋಚದವರೆಗಿನ ದಾರಿ ಎಷ್ಟು ಹತ್ತಿರದ್ದೆಂಬುದನ್ನು ಅವನು ಬಲ್ಲನು. ಗುಡ್ನಾಪುರದಲ್ಲಿ ನೃತ್ಯಶಾಲೆಗಳನ್ನೂ ಕಾಮಜಿನಾಲಯವನ್ನೂ ಕೂಡಿಯೇ ಕಟ್ಟಿಸಿದ ರವಿವರ್ಮನೂ ಅದನ್ನು ಬಲ್ಲವನಾಗಿದ್ದಿರಬೇಕು.

೬

ಇಷ್ಟನ್ನು ನೋಡಿದ ಮೇಲೆ ನಾನು ಮೊದಲು ಹೇಳಿದ ಕ್ರಮವು ಸ್ಪಷ್ಟವಾಗುತ್ತದೆ. ಭೋಗಿಯು ಕಾಣುವ ಕೂದಲನ್ನು ಸಿಂಗರಿಸುತ್ತಾನೆ, ಕಾಣದ ಕೂದಲನ್ನು ತೆಗೆಯುತ್ತಾನೆ. ತ್ಯಾಗಿಯು ಕಾಣುವ ಕೂದಲನ್ನು ತೆಗೆಯುತ್ತಾನೆ, ಕಾಣದುದನ್ನು ಅದರ ಪಾಡಿಗೆ ಬಿಡುತ್ತಾನೆ. ಬೌದ್ಧ, ಜೈನ, ವೈದಿಕ ಯತಿಗಳು ಪರಸ್ಪರ ಎಷ್ಟೇ ವಾದಿಸಿದರೂ ಈ ಒಂದು ವಿಷಯದಲ್ಲಿ ಏಕಾಭಿಪ್ರಾಯದವರು. ಕೇವಲ ಶುಚಿಯೇ ಕಾರಣವಾಗಿದ್ದರೆ ಇಬ್ಬರೂ ಒಂದೇ ಕೂದಲನ್ನು ತೆಗೆಯುತ್ತಿದ್ದರು. ಆದುದರಿಂದ ಇಲ್ಲಿ ಮುಖ್ಯವಾದುದು ಶುಚಿಯಲ್ಲ. ಯಾರ ನೋಟಕ್ಕಾಗಿ ಈ ಮೈ ಎಂಬ ಪ್ರಶ್ನೆಯೇ ಮುಖ್ಯ. ಭೋಗಿಯ ಮೈ ನಲ್ಲಳ ನೋಟಕ್ಕೆ ಅಣಿಯಾದುದು. ತ್ಯಾಗಿಯ ಮೈಯನ್ನು ಲೋಕವು ನೋಡಬಹುದು, ಆದರೆ ಅವನು ಆ ನೋಟಕ್ಕಾಗಿ ಅದನ್ನು ಅಣಿಗೊಳಿಸಲಾರನು.

ಈ ಕ್ರಮಕ್ಕೆ ಒಂದು ಅಪೂರ್ವವಾದ ಅಪವಾದವು ಬನವಾಸಿನಾಡಿನಲ್ಲಿಯೇ ಹುಟ್ಟಿತು. ಹನ್ನೆರಡನೆಯ ಶತಮಾನದಲ್ಲಿ ಉಡುತಡಿಯ ಮಹಾದೇವಿಯಕ್ಕನು ಅರಮನೆಯನ್ನೂ ಉಡುಗೆಯನ್ನೂ ತೊರೆದು ಹೊರಟಳು; ಕೂದಲನ್ನು ಮಾತ್ರ ತೊರೆಯಲಿಲ್ಲ. ಅದನ್ನೇ ಹೊದ್ದಳು. ದೇಹದ ಭ್ರಾಂತಿ ಹೋಗಿದ್ದರೆ ಕೂದಲಿನ ಮರೆ ಏಕೆ ಎಂದು ಅಲ್ಲಮಪ್ರಭುವು ಅವಳನ್ನು ಪರೀಕ್ಷಿಸಿದುದನ್ನು ಶೂನ್ಯಸಂಪಾದನೆಯು ವರ್ಣಿಸುತ್ತದೆ. ಈ ಮರೆಯು ತನಗಾಗಿ ಅಲ್ಲ, ನೋಡುವವರಿಗೆ ನೋವಾಗದಿರಲೆಂದು ಎಂಬುದು ಅವಳ ಉತ್ತರದ ತಾತ್ಪರ್ಯ. ನೋಟದ ಪ್ರಶ್ನೆಯನ್ನು ಇಷ್ಟು ನೇರವಾಗಿ ಎತ್ತಿಕೊಂಡು ಇಷ್ಟು ಗಾಂಭೀರ್ಯದಿಂದ ಉತ್ತರಿಸಿದವರು ವಿರಳ. ದಿಗಂಬರಮುನಿಯು ವಸ್ತ್ರವನ್ನೂ ಕೇಶವನ್ನೂ ತ್ಯಜಿಸಿದನು. ಅಕ್ಕನು ವಸ್ತ್ರವನ್ನು ತ್ಯಜಿಸಿ ಕೇಶವನ್ನು ವಸ್ತ್ರವಾಗಿಸಿಕೊಂಡಳು. ಇಬ್ಬರದೂ ಸ್ವಂತ ನಿರ್ಣಯವೆಂಬುದನ್ನು ಮರೆಯಬಾರದು.

೭

ಕ್ಷೌರದ ಮಾತನ್ನಾಡುವಾಗ ಕತ್ತಿ ಹಿಡಿದವನನ್ನು ಬಿಟ್ಟು ಮುಂದುವರಿಯುವುದು ನ್ಯಾಯವಲ್ಲ. ನಾಪಿತ, ನಾಯಿಂದ, ಹಡಪದ, ಕೆಲಸಿ ಎಂದು ಪ್ರಾಂತಕ್ಕೊಂದು ಹೆಸರಿರುವ ಈ ವೃತ್ತಿಯವನು ಹುಟ್ಟು, ಮುಂಜಿ, ಮದುವೆ, ಸಾವುಗಳಲ್ಲಿ ಎಲ್ಲರಿಗೂ ಬೇಕಾದವನು. ಕೆಲಸ ಮುಗಿದೊಡನೆ ಅವನು ಮುಟ್ಟಿದ ಮೈಯನ್ನು ತೊಳೆದುಕೊಳ್ಳುವುದು ರೂಢಿ. ಅರಸರ ದೃಷ್ಟಿಯಲ್ಲಿ ಅವನಿಗೆ ಎಷ್ಟು ಬೆಲೆಯಿತ್ತೆಂಬುದಕ್ಕೆ ವಿಜಯನಗರದ ಸದಾಶಿವರಾಯನ ಕಾಲದ ಶಾಸನಗಳು ಪ್ರಸಿದ್ಧವಾಗಿವೆ. ಕೊಂಡೋಜನೆಂಬ ನಾಪಿತನ ಕ್ಷೌರಕ್ಕೆ ಅಳಿಯ ರಾಮರಾಜನು ಮೆಚ್ಚಿ, ಅವನ ಬಿನ್ನಹದಂತೆ ಆ ವೃತ್ತಿಯವರಿಗೆಲ್ಲ ತೆರಿಗೆಗಳನ್ನು ಬಿಟ್ಟುಕೊಟ್ಟನು. ಹದಿನಾರನೆಯ ಶತಮಾನದ ನಡುವಣ ಈ ಶಾಸನಗಳು ಕನ್ನಡನಾಡಿನ ಹಲವು ಕಡೆಗಳಲ್ಲಿ ದೊರೆತಿವೆ. ತನಗಾಗಿ ಊರನ್ನೋ ಹೊನ್ನನ್ನೋ ಬೇಡದೆ ತನ್ನವರೆಲ್ಲರ ಹೊರೆಯನ್ನು ಇಳಿಸಿದ ಕೊಂಡೋಜನು ಸ್ಮರಣೀಯನೇ ಸರಿ.

ಈ ವೃತ್ತಿಯವರ ಕೈಯಿಂದಲೇ ಸಮಾಜವು ಒಂದು ಕ್ರೂರಕರ್ಮವನ್ನು ಮಾಡಿಸಿತು. ಗಂಡ ಸತ್ತ 

ಹೆಣ್ಣಿನ ತಲೆಯನ್ನು ಬೋಳಿಸುವುದೇ ಅದು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆತೋಟದ ಮನೆಗಳಲ್ಲಿಯೂ ಘಟ್ಟದ ಕೆಳಗೂ ಮೇಲೂ ಬ್ರಾಹ್ಮಣಸಮಾಜದಲ್ಲಿ ಈ ರೂಢಿಯು ಇಪ್ಪತ್ತನೆಯ ಶತಮಾನದ ಒಳಕ್ಕೂ ಉಳಿದಿತ್ತು. ಬೋಳುತಲೆಯ ಮೇಲೆ ಕೆಂಪು ಸೀರೆಯ ಸೆರಗೆಳೆದುಕೊಂಡು ಅಡಿಗೆಮನೆಯ ಹೊಗೆಯಲ್ಲಿ ಸವೆದ ಅಜ್ಜಿಯರನ್ನು ಹಿಂದಿನ ತಲೆಮಾರಿನವರು ಕಣ್ಣಾರೆ ಕಂಡಿದ್ದರು. ಇದಕ್ಕೆ ಶಾಸ್ತ್ರಾಧಾರವೆಷ್ಟು? ಮಹಾಮಹೋಪಾಧ್ಯಾಯ ಪಾಂಡುರಂಗ ವಾಮನ ಕಾಣೆಯವರು ತಮ್ಮ ಧರ್ಮಶಾಸ್ತ್ರದ ಇತಿಹಾಸದ ಎರಡನೆಯ ಸಂಪುಟದಲ್ಲಿ (೧೯೪೧) ಈ ಪ್ರಶ್ನೆಯನ್ನು ಪರಿಶೀಲಿಸಿದ್ದಾರೆ. ವೇದದಲ್ಲಿ ಇದಕ್ಕೆ ವಿಧಿಯಿಲ್ಲ. ಮನುಸ್ಮೃತಿ ಯಾಜ್ಞವಲ್ಕ್ಯಸ್ಮೃತಿಗಳಲ್ಲಿಯೂ ಇಲ್ಲ. ವಿಧವೆಯ ಜಡೆಯು ಸತ್ತ ಗಂಡನನ್ನು ಬಂಧಿಸುತ್ತದೆಂಬ ಸ್ಕಂದಪುರಾಣದ ಕಾಶೀಖಂಡದ ಮಾತನ್ನು ಮುಂದಿನ ನಿಬಂಧಕಾರರು ಹಿಡಿದುಕೊಂಡರು. ಪುರಾಣದ ಒಂದು ಮಾತು ಲಕ್ಷಾಂತರ ತಲೆಗಳ ಮೇಲೆ ಕತ್ತಿಯಾಗಿ ಹರಿಯಿತು!

ಹೊರಗಣ್ಣಿಗೆ ಜೈನರ ಕಂತಿಯೂ ಈ ವಿಧವೆಯೂ ಒಂದೇ ಬಗೆಯವರಾಗಿ ಕಾಣಬಹುದು: ಬೋಳುತಲೆ, ಒಪ್ಪೊತ್ತಿನ ಊಟ, ಆಭರಣವಿಲ್ಲದ ಮೈ. ಆದರೆ ಒಳಗಿನ ಭೇದವು ಅಪಾರ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಪ್ರಾಚೀನ ಶಾಸನಗಳಲ್ಲಿ ನಾಗಮತಿ ಗಂತಿಯರಂತಹವರ ಹೆಸರು, ವ್ರತ, ಗುರುಪರಂಪರೆಗಳು ಗೌರವದಿಂದ ಕೆತ್ತಲ್ಪಟ್ಟಿವೆ. ಅವರು ತಮ್ಮ ಕೂದಲನ್ನು ತಮ್ಮ ಕೈಯಿಂದ ಕಿತ್ತವರು. ವಿಧವೆಯ ಕೂದಲನ್ನು ಪರರು ತೆಗೆಸಿದರು. ಅವಳಿಗೆ ಶಾಸನವಿಲ್ಲ, ಸಂಘವಿಲ್ಲ, ಎಷ್ಟೋ ವೇಳೆ ಮನೆಯವರ ನೆನಪಿನಲ್ಲಿ ಹೆಸರೂ ಇಲ್ಲ. ಲೋಚದ ನೋವು ಹೆಚ್ಚು, ಕತ್ತಿಯ ನೋವು ಕಡಿಮೆ. ಆದರೂ ಮೊದಲನೆಯದು ತಪಸ್ಸು, ಎರಡನೆಯದು ಶಿಕ್ಷೆ. ತ್ಯಾಗದ ವೇಷವನ್ನು ತ್ಯಾಗಮಾಡದವಳ ಮೇಲೆ ಹೊರಿಸಿದುದೇ, ಹಿಂದೆ ಹೇಳಿದ ಕ್ರಮವನ್ನು ಮುರಿದ ಅನ್ಯಾಯ. ಎಂಟು ಹತ್ತು ವರ್ಷದ ಹುಡುಗಿಗೆ ಯಾವ ಭೋಗದಿಂದ ವೈರಾಗ್ಯ ಬರಬೇಕು?

ಈ ಅನ್ಯಾಯವನ್ನು ಪ್ರತಿಭಟಿಸಿದವರಲ್ಲಿ ಪಂಡಿತರಿಗಿಂತ ಮುಂದಾಗಿ ಕತ್ತಿ ಹಿಡಿದ ಕೈಗಳೇ ಕಾಣಿಸಿಕೊಂಡುವೆಂಬುದು ಇತಿಹಾಸದ ಒಂದು ವಿಶೇಷ. ೧೮೯೦ರಲ್ಲಿ ಮುಂಬಯಿಯ ಕ್ಷೌರಿಕರು, ಜ್ಯೋತಿಬಾ ಫುಲೆಯವರ ಅನುಯಾಯಿಗಳಾದ ನಾರಾಯಣ ಮೇಘಾಜಿ ಲೋಖಂಡೆಯವರ ಪ್ರೇರಣೆಯಿಂದ ಸಭೆಸೇರಿ, ವಿಧವೆಯರ ತಲೆ ಬೋಳಿಸುವ ಕೆಲಸವನ್ನು ಇನ್ನು ಮಾಡೆವೆಂದು ನಿಶ್ಚಯಿಸಿದರು. ನಮ್ಮ ಜಿಲ್ಲೆಯು ೧೮೬೨ರಿಂದ ಮುಂಬಯಿ ಇಲಾಖೆಗೆ ಸೇರಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ತಲೆತಲಾಂತರದಿಂದ ‘ಮುಟ್ಟಿದರೆ ಮೈಲಿಗೆ’ ಎನ್ನಿಸಿಕೊಂಡವರು, ಈ ತಲೆಯನ್ನು ನಾವು ಮುಟ್ಟುವುದಿಲ್ಲ ಎಂದು ಹೇಳಿದ ಆ ದಿನ ಧರ್ಮದ ಸೂಕ್ಷ್ಮವು ಯಾರ ಬಳಿಯಲ್ಲಿತ್ತು?

ಕನ್ನಡ ಸಾಹಿತ್ಯವೂ ಈ ನೋವಿಗೆ ಕಿವಿಗೊಟ್ಟಿತು. ೧೮೯೯ರಲ್ಲಿ ಪ್ರಕಟವಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯು ಬಾಲವಿಧವೆಯ ಬದುಕನ್ನೂ ಪುನರ್ವಿವಾಹವನ್ನೂ ವಸ್ತುವಾಗಿಸಿಕೊಂಡಿತು. ೧೯೭೬ರ ‘ಫಣಿಯಮ್ಮ’ದಲ್ಲಿ ಶ್ರೀಮತಿ ಎಂ. ಕೆ. ಇಂದಿರಾರವರು ಮಲೆನಾಡಿನ ಬಾಲವಿಧವೆಯೊಬ್ಬಳ ದೀರ್ಘವಾದ ಜೀವಿತವನ್ನು ಚಿತ್ರಿಸಿದರು. ಆ ಫಣಿಯಮ್ಮನು ತನಗೆ ಹೊರಿಸಿದ ಮಡಿಯನ್ನು ಹೊತ್ತು ಬಾಳಿದಳು. ಆದರೆ ಇನ್ನೊಬ್ಬ ಹುಡುಗಿಯ ತಲೆಯನ್ನು ಬೋಳಿಸಬೇಕೆಂಬ ಪ್ರಸಂಗ ಬಂದಾಗ ಆ ಹುಡುಗಿಯ ಪಕ್ಷವನ್ನೇ ವಹಿಸಿದಳು. ಅನುಭವಿಸಿದವಳ ತೀರ್ಪಿಗಿಂತ ಹೆಚ್ಚಿನ ಪ್ರಮಾಣವು ಈ ವಿಷಯದಲ್ಲಿ ಬೇಕಿಲ್ಲ.

೮

ಈ ವಿಚಾರದಿಂದ ಹೊರಡುವ ತಾತ್ಪರ್ಯವನ್ನು ಸಂಗ್ರಹಿಸಿ ಹೇಳುವುದಾದರೆ ಇಷ್ಟೇ. ಕೂದಲನ್ನು ತೆಗೆಯುವ ಆಚಾರವೊಂದನ್ನು ಇತಿಹಾಸದಲ್ಲಿ ಕಂಡಾಗ ಅದನ್ನು ಕೇವಲ ಶೌಚವೆಂದಾಗಲಿ ಕೇವಲ ಶೃಂಗಾರವೆಂದಾಗಲಿ ಬರೆದಿಡುವುದು ಸಾಲದು. ಯಾವ ಕೂದಲು? ಯಾರ ಕೈಯಿಂದ? ಯಾರ ನೋಟಕ್ಕಾಗಿ? ಯಾರ ಇಚ್ಛೆಯಿಂದ? ಈ ನಾಲ್ಕು ಪ್ರಶ್ನೆಗಳನ್ನು ಕೇಳಿದರೆ ನಾಗರಕನ ಪ್ರತ್ಯಾಯುಷ್ಯವೂ ಯಜಮಾನನ ವಪನವೂ ಮುನಿಯ ಲೋಚವೂ ವಿಧವೆಯ ಮುಂಡನವೂ ಬೇರೆಬೇರೆಯಾಗಿ ನಿಲ್ಲುತ್ತವೆ. ಇವುಗಳಲ್ಲಿ ಕೊನೆಯ ಪ್ರಶ್ನೆಯೇ ಮುಖ್ಯವಾದುದು. ಇಂದು ಶಿರಸಿಯ ಪೇಟೆಯಲ್ಲಿ ಹುಬ್ಬು ತಿದ್ದುವ, ಮೈಯ ನವಿರು ತೆಗೆಯುವ ಅಂಗಡಿಗಳುಂಟು. ಅವುಗಳೊಳಗೆ ಹೋಗುವ ತರುಣಿಯರ ಮುಂದೆಯೂ ಇದೇ ಪ್ರಶ್ನೆಯಿದೆ: ತಮ್ಮ ಸಂತೋಷಕ್ಕಾಗಿಯೋ, ಪರರ ನಗುವಿಗೆ ಅಂಜಿಯೋ? ಪರರ ಮೈಯ ಕೊರತೆಯನ್ನು ಕಂಡು ನಗುವವರನ್ನು ವಾತ್ಸ್ಯಾಯನನು ಅಂದೇ ಗುರುತಿಸಿದ್ದನಷ್ಟೆ.

ಗುಡ್ನಾಪುರದ ಕಾಮಜಿನಾಲಯವು ಈಗ ಇಲ್ಲ, ನೃತ್ಯಶಾಲೆಗಳೂ ಇಲ್ಲ. ಕೆರೆಯಿದೆ. ಪ್ರತಿವರ್ಷವೂ ಕಾಮನ ಹಬ್ಬ ಬರುತ್ತದೆ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಹೋಳಿಯ ಇರುಳುಗಳಲ್ಲಿ ಬೇಡರವೇಷದವರು ಬಣ್ಣ ಬಳಿದು ನವಿಲುಗರಿ ಕಟ್ಟಿ ಬೀದಿಯಲ್ಲಿ ಕುಣಿಯುತ್ತಾರೆ. ಬಸದಿಗಳಲ್ಲಿ ಮುನಿಗಳ ಲೋಚವೂ ನಡೆಯುತ್ತಿದೆ. ಕಾಮನೂ ಜಿನನೂ ಈ ನಾಡನ್ನು ಬಿಟ್ಟುಹೋಗಿಲ್ಲ. ಇಬ್ಬರನ್ನೂ ಒಂದೇ ಹೆಸರಿನಲ್ಲಿ ಕೂಡಿಸಿದ ಅರಸನ ಮನಸ್ಸಿನಲ್ಲಿ ಏನಿತ್ತೋ ಶಾಸನವು ಬಿಡಿಸಿ ಹೇಳುವುದಿಲ್ಲ; ಆದರೆ ಭೋಗವನ್ನಾಗಲಿ ತ್ಯಾಗವನ್ನಾಗಲಿ ಮನುಷ್ಯನು ತಾನೇ ಆರಿಸಿಕೊಳ್ಳಬೇಕೆಂಬ ಅರ್ಥವನ್ನು ಆ ಹೆಸರಿನಿಂದ ನಾವು ಪಡೆದುಕೊಂಡರೆ ತಪ್ಪಾಗಲಾರದು.